ಮೂಡಲಿಗೆ ಕಾಲು ಚಾಚಿದವರು

ಸ್ಪೈಸ್‌ವುಡ್ ಹಳ್ಳ, ಕೆಂಟಕಿ
ಮೇ ೨೩, ೧೯೮೪, ಬುಧವಾರ

ಪ್ರೀತಿಯ ಅಪ್ಪಾ,

ಮಂಡಿ ನೋವು ಹೇಗಿದೆ? ಎಣ್ಣೆಯ ಸೀಸೆಯನ್ನು ನಿನ್ನ ಚೀಲದ ಬದಿಯ ಜೇಬಿನಲ್ಲಿ ಇಟ್ಟಿದ್ದೆ, ಸಿಕ್ಕಿತೋ ಇಲ್ಲವೋ. ಹಡಗಿನ ರಾತ್ರಿ ಪಾಳಿಯಲ್ಲಿ ಒದ್ದೆ ಹಗ್ಗಗಳನ್ನು ಎಳೆದ ಮೇಲೆ ಒಲೆಯ ಪಕ್ಕ ಸ್ವಲ್ಪ ಕೂರು, ಕೂಡಲೇ ಹೋಗಿ ಮಲಗಬೇಡ. ಹೊಸ ಅಡುಗೆಯವನು ಕಾಳು ಬೇಯಿಸುವುದನ್ನು ಕಲಿತನೋ, ಇಲ್ಲ ಇನ್ನೂ ಗೋಲಿಗಳನ್ನೇ ಬಡಿಸುತ್ತಿದ್ದಾನೋ? ಮೇಲಿನ ಕಣಿವೆಗಳಲ್ಲೆಲ್ಲ ಮಳೆಯಾಗಿದೆ, ಓಹಾಯೋ ನದಿ ಏರಿದೆ ಎಂದು ರೇಡಿಯೊದಲ್ಲಿ ಕೇಳಿದೆವು. ಮಧ್ಯಾಹ್ನ ನದಿಯ ಮಟ್ಟ ಓದಲು ಶುರುಮಾಡಿದ ಕೂಡಲೇ ಅಜ್ಜಿ ಪಾತ್ರೆ ತಿಕ್ಕುವುದನ್ನು ನಿಲ್ಲಿಸುತ್ತಾಳೆ. ಓದಿ ಮುಗಿಸುವ ತನಕ ಕೈ ನೀರಿನಲ್ಲೇ ಇರುತ್ತದೆ. ಯಾಕೆ ಎಂದು ನಾನು ಕೇಳುವುದಿಲ್ಲ, ಅವಳೂ ಹೇಳುವುದಿಲ್ಲ.

ಇಲ್ಲಿ ನಾವು ಚೆನ್ನಾಗಿದ್ದೇವೆ. ಬೀನ್ಸ್ ಬಳ್ಳಿಗೆ ಕೋಲು ಕೊಟ್ಟದ್ದಾಯಿತು. ಮೇಲಿನ ತುಂಡು ಹೊಲದ ಆಲೂಗಡ್ಡೆ ಗಿಡಗಳು ಮೊಣಕಾಲಿನವರೆಗೆ ಬಂದಿವೆ. ಕೆಂಪು ಕೋಳಿ ಮತ್ತೆ ಕಾವಿಗೆ ಕೂತು ಯಾರನ್ನೂ ಹತ್ತಿರ ಬಿಡುತ್ತಿಲ್ಲ. ಬರುವ ಭಾನುವಾರ ಸಮಾಧಿಗಳಿಗೆ ಹೂ ಇಡುವ ದಿನ ಅಲ್ಲವೇ, ಹಾಗಾಗಿ ಕಣಿವೆಯಲ್ಲೆಲ್ಲ ಗುದ್ದಲಿ ಸದ್ದು. ನಿನ್ನೆ ನಾನು ಅಮ್ಮನ ಸಮಾಧಿಯ ಹುಲ್ಲನ್ನೆಲ್ಲ ಕೆರೆದು ಮಣ್ಣು ಏರಿಸಿ ಬಂದೆ. ಅವಳ ತಲೆಯ ಹತ್ತಿರ ನೀನು ನೆಟ್ಟ ಪಿಯೊನಿ ಗಿಡ ಮೊಗ್ಗು ಬಿಟ್ಟಿದೆ. ಭಾನುವಾರಕ್ಕೆ ಅರಳೀತು, ಅರಳದೆಯೂ ಇದ್ದೀತು. ನಿನ್ನ ಹಾಗೆಯೇ ಅದು, ಏನನ್ನೂ ಮುಂಚಿತವಾಗಿ ಹೇಳುವುದಿಲ್ಲ.

ಪೇಟೆಯ ಗ್ರಂಥಾಲಯದಲ್ಲಿ ನನ್ನ ಕೆಲಸ ನಡೆಯುತ್ತಿದೆ. ಹಳೆಯ ಫೋಟೊಗಳ ಪುಸ್ತಕಕ್ಕೆ, ಪ್ರತಿ ಫೋಟೊದ ಕೆಳಗೆ ಒಂದೆರಡು ಸಾಲು ಬರೆಯುವ ಕೆಲಸ. ಕಾಲೇಜಿನಲ್ಲಿ ಕಾವ್ಯ ಓದಿ ಬಂದವಳು ‘ಎಡದಿಂದ ಬಲಕ್ಕೆ’ ಎಂದು ಬರೆಯುತ್ತ ಕೂತಿದ್ದಾಳೆ ಎಂದು ಬರ್ಲ್ ಮಾಮ ಊರಿಗೆಲ್ಲ ಸಾರಿದ್ದಾನೆ. ನನಗೆ ಮಾತ್ರ ಈ ಕೆಲಸ ಹಿಡಿಸಿದೆ, ಯಾಕೆಂದರೆ ನಾನು ಮಾತಾಡಬೇಕಾಗಿಲ್ಲ, ಕೇಳಿಸಿಕೊಂಡರೆ ಸಾಕು. ಹಿರಿಯರು ಬಂದು ಮೇಜಿನ ಸುತ್ತ ಕೂರುತ್ತಾರೆ. ಮರದ ದಿಮ್ಮಿ ಎಳೆಯುವ ಹೇಸರಗತ್ತೆಯ ಪಕ್ಕ ಒಬ್ಬ ಮನುಷ್ಯ ನಿಂತ ಫೋಟೊ ಒಂದಿದೆ. ಕತ್ತೆಯ ಹೆಸರು ಕೇಟ್, ಅದು ಯಾರನ್ನು ಯಾವಾಗ ಒದ್ದಿತು, ಎಲ್ಲವೂ ಎಲ್ಲರಿಗೂ ಗೊತ್ತು. ಮನುಷ್ಯ ಯಾರೆಂದು ಇನ್ನೂ ತಿಳಿದಿಲ್ಲ. ಇನ್ನೊಬ್ಬ ಹೆಂಗಸು ತನ್ನ ಮೊದಲ ಗಂಡನ ಮುಖದ ಮೇಲೆ ಹೆಬ್ಬೆರಳು ಒತ್ತಿಕೊಂಡು, ‘ಇಲ್ಲಿ ಒಂದು ಮರ ಇತ್ತು ಅಂತ ಬರ್ಕೊಳಮ್ಮ’ ಎಂದಳು. ನಾನು ಬರೆದುಕೊಂಡೆ. ಆಮೇಲೆ ಯೂಲಾ ಪ್ರಾಫಿಟ್ ಅವರು ಅದನ್ನು ಹೊಡೆದುಹಾಕಿದರು. ಪುಸ್ತಕದ ಹೊಣೆಯೆಲ್ಲ ಅವರದೇ, ನಿನಗೂ ಗೊತ್ತಲ್ಲ, ನಿನಗೆ ಮೂರನೇ ಕ್ಲಾಸಿನಲ್ಲಿ ಪಾಠ ಹೇಳಿದವರು. ನಿನ್ನ ಅಕ್ಷರ ಈಗಲಾದರೂ ಸುಧಾರಿಸಿತೇ ಎಂದು ಕೇಳುತ್ತಿರುತ್ತಾರೆ.

ಈಗ ಆ ಫೋಟೊದ ವಿಷಯಕ್ಕೆ ಬರುತ್ತೇನೆ. ನಿನಗೆ ಬೇಸರವಾದೀತೆಂದು ಸುತ್ತಿ ಬಳಸಿ ಬಂದೆ. ನೀನು ಹಡಗಿಗೆ ಹೊರಡುವ ಹಿಂದಿನ ಸಂಜೆ ಯೂಲಾ ಅವರು ತಾವೇ ಮನೆಗೆ ಬಂದು ಅದನ್ನು ಮೇಜಿನ ಮೇಲಿಟ್ಟರಲ್ಲ. ಊರೂರು ತಿರುಗುತ್ತಿದ್ದ ಯಾರೋ ಫೋಟೊದವನು ಫಿಲ್ಮಿನ ಬದಲು ಬಳಸುತ್ತಿದ್ದ ಗಾಜಿನ ತಟ್ಟೆಗಳು ಒಂದು ಅಟ್ಟದ ಮೇಲೆ ಸಿಕ್ಕಿದ್ದವು, ಅವುಗಳಿಂದ ಹೊಸದಾಗಿ ತೆಗೆದ ಪ್ರತಿ ಅದು. ೧೯೧೬ರ ಹೂ ಇಡುವ ದಿನ, ನಮ್ಮದೇ ಸಮಾಧಿದಿಬ್ಬ, ಗೇಟಿನ ಕಡೆಯಿಂದ ತೆಗೆದದ್ದು. ಆಗ ತೋಳಿನ ದಪ್ಪವಿದ್ದ ಸೀಡರ್ ಮರ ನಡುವೆ. ಅದರ ಎಡಕ್ಕೆ, ಪಡುವಲ ಬದಿಯ ಸಮಾಧಿಯ ಹಿಂದೆ, ಟೋಪಿ ಕೈಯಲ್ಲಿ ಹಿಡಿದ ಹೈರಮ್ ಮುತ್ತಾತ, ಅಜ್ಜಿಯ ಅಪ್ಪ. ಅವನ ಕೈ ಆರು ವರ್ಷದ ಅಜ್ಜಿಯ ತಲೆಯ ಮೇಲೆ. ಆ ದಿನ ಪ್ರತಿಯೊಂದು ಮನೆಯವರೂ ತಮ್ಮ ತಮ್ಮ ಸಮಾಧಿಯ ಹಿಂದೆಯೇ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು, ಈಗಲೂ ಹಾಗೆಯೇ ನಿಲ್ಲುತ್ತೇವೆ. ಅಂದಮೇಲೆ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡ ಅಜ್ಜಿಯ ಅವ್ವ, ಆರ್ಮಿಲ್ಡಾ ಮುತ್ತಜ್ಜಿ, ಮಲಗಿರುವುದು ಅಲ್ಲೇ, ಪಡುವಲ ಬದಿಯಲ್ಲಿ. ಅಜ್ಜಿ ಮಾತ್ರ ತನಗೆ ಬುದ್ಧಿ ಬಂದಾಗಿನಿಂದ ಮೂಡಲ ಬದಿಯ ಸಮಾಧಿಗೆ ಹೂ ಇಡುತ್ತ ಬಂದಿದ್ದಾಳೆ. ಹಳ್ಳದಿಂದ ತಂದ, ಹೆಸರು ಕೊರೆಯದ ಕಲ್ಲುಗಳು ಎರಡು ಕಡೆಯೂ ಒಂದೇ ಥರ.

ನೀನು ಕೆಟ್ಟದ್ದು ಏನೂ ಹೇಳಲಿಲ್ಲ, ಅದು ನನಗೆ ಗೊತ್ತು. ನಿನ್ನ ಅಜ್ಜಿಗೆ ಹೆಸರು ಕೊರೆದ ಒಂದು ಕಲ್ಲು ನಿಲ್ಲಿಸಬೇಕೆಂದು ಎರಡು ಚಳಿಗಾಲ ಹೆಚ್ಚು ಪಾಳಿ ಮಾಡಿದವನು ನೀನು. ಅದು ತಪ್ಪು ಜಾಗದಲ್ಲಿ ನಿಲ್ಲಬಾರದು ಎಂಬುದಷ್ಟೇ ನಿನ್ನ ಚಿಂತೆ. ಆದರೆ ಆ ಸಂಜೆ ಅಜ್ಜಿ ತನಗೆ ನೆನಪಿರುವ ಒಂದೇ ಒಂದು ಸಂಗತಿಯನ್ನು ಹೇಳಿದ್ದಳು. ಮಣ್ಣು ಮುಚ್ಚಿದ ಮಾರನೇ ದಿನ ಬೆಳಿಗ್ಗೆ ಅಪ್ಪ ತನ್ನನ್ನು ಅಲ್ಲಿ ಕೂರಿಸಿ, ಅವ್ವನ ಹತ್ತಿರ ಸ್ವಲ್ಪ ಹೊತ್ತು ಇರು ಎಂದು ಹೇಳಿ ಕಲ್ಲು ತರಲು ಹಳ್ಳಕ್ಕೆ ಇಳಿದದ್ದು, ತಾನು ಸೀಡರ್ ಮರಕ್ಕೆ ಬೆನ್ನು ಕೊಟ್ಟು ಕೂತದ್ದು, ಬಿಸಿಲು ನೇರ ಕಣ್ಣಿಗೆ ಬಿದ್ದು ಅಳುವುದಕ್ಕೂ ಆಗದೆ ಕಣ್ಣು ಮುಚ್ಚಿಕೊಂಡದ್ದು. ಪಡುವಲ ಬದಿಯಲ್ಲಿ ಕೂತಿದ್ದರೆ ಬೆಳಗಿನ ಬಿಸಿಲು ಬೆನ್ನಿಗೆ ಬೀಳುತ್ತಿತ್ತು ತಾನೇ, ಎಂದಳು. ಅದಕ್ಕೆ ನೀನು ನಿಧಾನವಾಗಿಯೇ ಹೇಳಿದೆ: ‘ಅವ್ವಾ, ನಿಂಗಾಗ ಆರೇ ವರ್ಷ. ಕ್ಯಾಮೆರಾಗೆ ಮರೆವು ಅನ್ನೋದಿಲ್ಲ.’ ಅಜ್ಜಿ ಚಮಚ ಕೆಳಗಿಟ್ಟಳು. ಬೆಳಿಗ್ಗೆ ನಿನಗೆ ಹಂದಿಮಾಂಸ ಇಟ್ಟ ಬಿಸ್ಕತ್ತು ರೊಟ್ಟಿ ಕಟ್ಟಿಕೊಟ್ಟಳು, ಆದರೆ ಎಂದಿನಂತೆ ತೂಗುಸೇತುವೆಯ ತನಕ ಬರಲಿಲ್ಲ. ನೀನು ಸೇತುವೆಯ ಆಚೆ ತುದಿಯಲ್ಲಿ ಹಿಂತಿರುಗಿ ನೋಡಿದ್ದನ್ನು ನಾನು ನೋಡಿದೆ. ಅವಳೂ ನೋಡಿದಳು, ಅಡುಗೆಮನೆಯ ಕಿಟಕಿಯಿಂದ.

ನೀನು ಹೋದ ಮೇಲೆ ಅವಳು ಜಗಳವಾಡಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಅವಳು ನಂಬಿಬಿಟ್ಟಳು, ಅಪ್ಪಾ. ಅದೇ ಕಷ್ಟವಾದದ್ದು. ಇಷ್ಟು ವರ್ಷ ಯಾರದೋ ಸಮಾಧಿಗೆ ಹೂ ಇಟ್ಟು, ಪಕ್ಕದಲ್ಲೇ ಮಲಗಿದ್ದ ತನ್ನ ಅವ್ವನನ್ನು ಬರಿದಾಗಿ ಬಿಟ್ಟೆ ಎಂಬುದು ಅವಳ ಮನಸ್ಸಿನಲ್ಲಿ ಕೂತಿತು. ಅದರ ಹಿಂದೆಯೇ ಮಿಕ್ಕದ್ದೂ ಅಲುಗಾಡತೊಡಗಿತು. ಕಾಳಿಗೆ ಉಪ್ಪು ಹಾಕಿ, ಹಾಕಿದೆನಾ ಎಂದು ನನ್ನನ್ನು ಕೇಳುವಳು. ಕೋಳಿಗೂಡಿನ ಬಾಗಿಲು ಮುಚ್ಚಿ ಬಂದು ಮತ್ತೆ ನೋಡಲು ಹೋಗುವಳು. ಮೊದಲು ನಾನು ಗ್ರಂಥಾಲಯದಿಂದ ಫೋಟೊ ತಂದರೆ ಕನ್ನಡಕವನ್ನೂ ಹಾಕಿಕೊಳ್ಳದೆ ಇದು ಇಂಥವನ ಕಿವಿ, ಇದು ಇಂಥವಳ ಬಾಯಿ ಎಂದು ಹೆಸರು ಹೇಳುತ್ತಿದ್ದವಳು, ಈಗ ‘ನಂಗೇನು ಗೊತ್ತು, ಕ್ಯಾಮೆರಾನೇ ಕೇಳ್ಕೊ’ ಎಂದು ಮುಖ ತಿರುಗಿಸುತ್ತಿದ್ದಳು. ತನ್ನ ಅಪ್ಪ ಇರುವ ಆ ಫೋಟೊವನ್ನಂತೂ ಬೀರುವಿನ ಮೇಲೆ ಮಗುಚಿ ಇಟ್ಟಿದ್ದಳು. ಅಜ್ಜಿ ಕಥೆ ಹೇಳುವುದನ್ನು ನಿಲ್ಲಿಸಿದ ಮನೆ ಎಷ್ಟು ಸದ್ದಿಲ್ಲದೆ ಇರುತ್ತದೆ ಎಂದು ನಿನಗೆ ಗೊತ್ತಿಲ್ಲ, ನೀನಿದ್ದಾಗ ಅದು ಯಾವತ್ತೂ ಆಗಿಲ್ಲ.

ಕ್ರೇಪ್ ಕಾಗದದ ಹೂಗಳನ್ನು ಮಾತ್ರ ಮಾಡುತ್ತಲೇ ಇದ್ದಳು. ಒಲೆಯ ಮೇಲೆ ಮೇಣ ಕರಗಿಸಿ, ಒಂದೊಂದೇ ಹೂವನ್ನು ತಂತಿಯಲ್ಲಿ ಹಿಡಿದು ಅದ್ದಿ, ದಾರಕ್ಕೆ ತೂಗುಹಾಕುವಳು. ಈ ಸಲ ಗುಲಾಬಿ ಬಣ್ಣದವು ಎಂದಿಗಿಂತ ಬಹಳ ಆದವು. ಗುಲಾಬಿ ಬಣ್ಣ ಅವಳ ಅವ್ವನಿಗೆ ಮಾತ್ರ ಮೀಸಲು ಅಲ್ಲವೇ. ಒಂದು ದಿನ ಎರಡು ಬುಟ್ಟಿಗೆ ಹಂಚುತ್ತಿದ್ದಳು. ನಾನು ಕೇಳಬೇಕೆಂದುಕೊಂಡು, ಕೇಳಲಾಗದೆ, ತಂತಿ ಕತ್ತರಿಸಿ ಕೊಡುತ್ತ ಕೂತೆ. ಪಡುವಲ ಬದಿಗೆ ಒಂದು, ಮೂಡಲ ಬದಿಗೆ ಒಂದು ಎಂದು ಆಮೇಲೆ ತಿಳಿಯಿತು. ದಿನಾ ಬೆಳಿಗ್ಗೆ ದಿಬ್ಬ ಹತ್ತಿ ಪಡುವಲ ಬದಿಯ ಕಲ್ಲಿನ ಹತ್ತಿರ ಕೂತು ಬರುತ್ತಿದ್ದಳಂತೆ. ಪರಿಚಯ ಮಾಡ್ಕೋತಿದ್ದೀನಿ, ಎಂದಳು.

ಮೊನ್ನೆ ಸೋಮವಾರ ಬರ್ಲ್ ಮಾಮ ಕಲ್ಲನ್ನು ತನ್ನ ಲಾರಿಯಲ್ಲಿ ತಂದ. ಚೆನ್ನಾಗಿದೆ ಅಪ್ಪಾ, ನೀನು ಹೇಳಿದಂತೆಯೇ ಬೂದುಬಣ್ಣದ್ದು, ಮೂಲೆಯಲ್ಲಿ ಡಾಗ್‌ವುಡ್ ಹೂವಿನ ಕೆತ್ತನೆ. ‘ಆರ್ಮಿಲ್ಡಾ ನೇಪಿಯರ್’ ಎಂಬ ಅಕ್ಷರಗಳ ಮೇಲೆ ಅಜ್ಜಿ ಬೆರಳಾಡಿಸಿದಳು. ಆಮೇಲೆ ಹಳೆಯ ಕೌದಿಯೊಂದನ್ನು ತಂದು ಹೊದಿಸಿದಳು. ಈಗ ಜಗಲಿಯ ಮೇಲಿದೆ, ಅದರ ಮೇಲೆ ಬೆಕ್ಕು ಮಲಗುತ್ತದೆ. ಬರ್ಲ್ ಮಾಮ ಒಳಗೆ ಬಂದು ಕಾಫಿ ಕುಡಿಯುತ್ತ, ಮಣ್ಣು ಮೆತ್ತಗಿರುವಾಗಲೇ ಅಗೆದುಬಿಡುತ್ತೇನೆ, ಆದರೆ ಪಡುವಲ ಬದಿಯಲ್ಲಿ ತಲೆ ಎಲ್ಲಿ, ಕಾಲು ಎಲ್ಲಿ ಎಂಬುದು ಸರಿಯಾಗಿ ಗೊತ್ತಾಗಬೇಕು, ಸಣ್ಣ ಕಲ್ಲೆಲ್ಲ ಹೂತುಹೋಗಿದೆ, ಎಂದ. ಅತ್ತೆಯ ಅವ್ವನ ಹೆಸರನ್ನು ಕಾಲಬುಡದಲ್ಲಿ ನಿಲ್ಲಿಸಿದರೆ ನೀನು ಹಡಗಿನಿಂದ ಬಂದು ತನ್ನನ್ನೇ ಅಲ್ಲಿ ಹೂಳುತ್ತೀಯಂತೆ.

ಅಜ್ಜಿಗೆ ಬಹಳ ದಿನದ ಮೇಲೆ ಸಿಟ್ಟು ಬಂತು. ‘ತಲೆ ಪಡುವಲಿಗೆ, ಕಾಲು ಮೂಡಲಿಗೆ. ಇನ್ನೆಲ್ಲಿರುತ್ತೋ? ನಿನ್ನ ತಲೆ ಇರೋ ಜಾಗದಲ್ಲಾ?’ ಎಂದಳು. ಬರ್ಲ್ ಮಾಮ ನಗುತ್ತ ಎದ್ದು, ಬೀರುವಿನ ಮೇಲಿನ ಫೋಟೊವನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದ. ಫೋಟೊದಲ್ಲಿ ಸಮಾಧಿಗಳನ್ನು ಚೊಕ್ಕವಾಗಿ ಕೆರೆದಿದ್ದಾರೆ, ಹುಲ್ಲಿನ ಒಂದು ಎಸಳೂ ಇಲ್ಲ, ಕಲ್ಲುಗಳೆಲ್ಲ ಸ್ಪಷ್ಟ. ಅವನು ಸ್ವಲ್ಪ ಹೊತ್ತು ನೋಡಿದ. ಅವನ ನಗು ನಿಂತಿತು.

‘ಅತ್ತೆ, ಇಲ್ಲಿ ದೊಡ್ಡ ಕಲ್ಲು ಮೂಡಲಲ್ಲಿದೆಯಲ್ಲ’ ಎಂದ.

ಅಜ್ಜಿ ಕೈಯಲ್ಲಿದ್ದ ಹೂವನ್ನು ಮೇಣದ ಪಾತ್ರೆಯ ಅಂಚಿಗೆ ಒರಗಿಸಿ ಫೋಟೊ ತೆಗೆದುಕೊಂಡಳು. ನಾನೂ ಅವಳ ಹೆಗಲ ಹಿಂದೆ ನಿಂತೆ. ನಿಜ. ಸಮಾಧಿಯ ಬಲಗಡೆ ತಲೆಯ ದೊಡ್ಡ ಕಲ್ಲು, ಎಡಗಡೆ ಕಾಲಿನ ಚಿಕ್ಕ ಕಲ್ಲು. ಮುತ್ತಜ್ಜಿಯದು ಒಂದೇ ಅಲ್ಲ, ಅದರ ಪಕ್ಕದ್ದೂ ಹಾಗೆ, ಹಿಂದಿನದೂ ಹಾಗೆ, ದಿಬ್ಬದ ತುಂಬ ಎಲ್ಲರೂ ಪಡುವಲಿಗೆ ಕಾಲು ಚಾಚಿ ಮಲಗಿದ್ದರು. ಸತ್ತವರನ್ನೆಲ್ಲ ಎಬ್ಬಿಸುವ ದೇವರ ಕೊನೆಯ ಕರೆ ಬಂದ ಬೆಳಿಗ್ಗೆ ಎದ್ದು ಕೂತರೆ ಮುಖ ಸೂರ್ಯನ ಕಡೆಗೇ ಇರಬೇಕೆಂದು ನಮ್ಮಲ್ಲಿ ಹಸುಗೂಸನ್ನೂ ಮೂಡಲಿಗೆ ಕಾಲು ಮಾಡಿಯೇ ಮಲಗಿಸುತ್ತೇವೆ. ಅಜ್ಜಿ ಒಂದೊಂದು ಸಮಾಧಿಯನ್ನೂ ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ, ತನಗೆ ತಾನೇ ಎಂಬಂತೆ, ಮೆಲ್ಲಗೆ ಹೇಳಿದಳು:

‘ಈ ಹಳ್ಳದಲ್ಲಿ ಯಾರನ್ನೂ ಹೀಗೆ ಮಲಗಿಸಿಲ್ಲ. ಕಳ್ಳಸಾರಾಯಿ ಕಾಯಿಸ್ತಿದ್ದ ಲೂಥರ್‌ನನ್ನೂ ಮಲಗಿಸಿಲ್ಲ.’

ಅಷ್ಟಕ್ಕೇ ಬಿಡಲಿಲ್ಲ. ಕನ್ನಡಕ ತರಿಸಿಕೊಂಡು ಹೈರಮ್ ಮುತ್ತಾತನ ಎದೆಯ ಮೇಲೆ ಬೆರಳಿಟ್ಟಳು. ಅವ್ವ ಹೋದ ಮೇಲೆ ಪ್ರತಿ ಭಾನುವಾರ ಅಪ್ಪನ ಕೋಟಿಗೆ ಗುಂಡಿ ಹಾಕುತ್ತಿದ್ದವಳು ತಾನಂತೆ. ಅವನು ಬಗ್ಗುತ್ತಿದ್ದನಂತೆ, ಅವಳು ಕುರ್ಚಿ ಹತ್ತುತ್ತಿದ್ದಳಂತೆ. ಫೋಟೊದಲ್ಲಿ ಅದೇ ಕೋಟು ಹೆಂಗಸರ ಕೋಟಿನ ಹಾಗೆ ಬಲದ ಅಂಚು ಮೇಲಾಗಿ, ತಿರುಗುಮುರುಗಾಗಿ ಮುಚ್ಚಿಕೊಂಡಿತ್ತು. ಆಗ ನನಗೆ ಗೊತ್ತಾಯಿತು. ಬರ್ಲ್ ಮಾಮನಿಗೂ ಗೊತ್ತಾಯಿತು. ನಾನು ಅಡುಗೆಮನೆಯ ಗೋಡೆಯ ಕನ್ನಡಿ ತೆಗೆದು ಫೋಟೊದ ಎದುರು ಹಿಡಿದೆ. ಕನ್ನಡಿಯೊಳಗೆ ಕೋಟು ಸರಿಯಾಯಿತು. ಸತ್ತವರೆಲ್ಲ ಮೂಡಲಿಗೆ ಕಾಲು ಚಾಚಿದರು. ಹೈರಮ್ ಮುತ್ತಾತನೂ ಪುಟ್ಟ ಅಜ್ಜಿಯೂ ಸೀಡರ್ ಮರದ ಈಚೆಗೆ, ಬಿಸಿಲೇಳುವ ಬದಿಗೆ ಬಂದು ನಿಂತರು. ನಾವೆಲ್ಲ ಮುಖಗಳನ್ನು ನೋಡಿದೆವು, ಅಪ್ಪಾ. ಒಬ್ಬರೂ ಕಲ್ಲುಗಳನ್ನು ನೋಡಿರಲಿಲ್ಲ.

ನಿನ್ನೆ ಬೆಳಿಗ್ಗೆ ಗ್ರಂಥಾಲಯಕ್ಕೆ ಹೋಗಿ ಯೂಲಾ ಅವರಿಗೆ ಹೇಳಿದೆ. ಹೇಳುವ ಮೊದಲು ಮೂರು ಸಲ ಬಾಯಿ ತೆರೆದು ಮುಚ್ಚಿದ್ದೆ. ಅವರು ಗಾಜಿನ ತಟ್ಟೆಯನ್ನು ಪೆಟ್ಟಿಗೆಯಿಂದ ತೆಗೆದು ಕಿಟಕಿಗೆ ಹಿಡಿದು, ಈ ಬದಿ ಆ ಬದಿ ತಿರುಗಿಸಿ ನೋಡಿದರು. ತಟ್ಟೆಯ ಒಂದು ಬದಿ ಮಂಕು, ಇನ್ನೊಂದು ಬದಿ ಹೊಳಪು. ಅದನ್ನು ಮಗುಚಿಟ್ಟು ಪ್ರತಿ ತೆಗೆದಿದ್ದರು, ಎಡ ಬಲವಾಗಿತ್ತು, ಅಷ್ಟೇ. ನಾನೇ ಹೊಲಿಗೆ ಹಾಕುವವಳು, ಗುಂಡಿ ನೋಡಲಿಲ್ಲವಲ್ಲ ಎಂದು ಹಣೆ ಒತ್ತಿಕೊಂಡರು. ಪೆಟ್ಟಿಗೆಯಲ್ಲಿ ಇನ್ನೆಷ್ಟು ಹೀಗಾಗಿವೆಯೋ ಎಂದು ಈಗ ಎಲ್ಲವನ್ನೂ ಮತ್ತೆ ನೋಡುತ್ತಿದ್ದಾರೆ. ಹೊಸ ಪ್ರತಿಯನ್ನು ಸಂಜೆಯೇ ತೆಗೆಸಿ, ತಾವೇ ಕಾರಿನಲ್ಲಿ ತಂದು ಅಜ್ಜಿಯ ಕೈಗೆ ಕೊಟ್ಟು ಕ್ಷಮೆ ಕೇಳಿದರು. ಅಜ್ಜಿ ಅವರಿಗೆ ಒಣಸೇಬಿನ ಪದರಗಳ ಕೇಕನ್ನು ಎರಡು ತುಂಡು ಬಡಿಸಿದಳು. ಕ್ಷಮಿಸಿದೆ ಎಂದು ಬಾಯಿಬಿಟ್ಟು ಹೇಳುವವಳಲ್ಲ, ನಿನಗೆ ಗೊತ್ತಲ್ಲ. ಎರಡನೇ ತುಂಡೇ ಅದು.

ಅವರು ಹೋದ ಮೇಲೆ ಹೂಗಳನ್ನೆಲ್ಲ ಒಂದೇ ಬುಟ್ಟಿಗೆ ಸುರಿಯಲೇ ಎಂದು ಕೇಳಿದೆ. ಬೇಡ, ಎರಡೂ ಹಾಗೇ ಇರಲಿ ಎಂದಳು. ಪಡುವಲ ಬದಿಯಲ್ಲಿ ಮಲಗಿರುವುದು ಯಾರು ಎಂದು ಅವಳಿಗೂ ಗೊತ್ತಿಲ್ಲ, ಬರ್ಲ್ ಮಾಮನಿಗೂ ಗೊತ್ತಿಲ್ಲ. ಫೋಟೊದಲ್ಲಿ ಅದರ ಹಿಂದೆ ಯಾರೂ ನಿಂತಿಲ್ಲ. ದಾರಿಯಲ್ಲಿ ಕಾಯಿಲೆ ಬಿದ್ದು ಸತ್ತ ಪರವೂರಿನವರು ಯಾರಾದರೂ ಇರಬಹುದು ಎಂದು ಬರ್ಲ್ ಮಾಮ ಹೇಳುತ್ತಾನೆ. ಅಜ್ಜಿ ಹೇಳಿದ್ದು ಇಷ್ಟು: ‘ಒಂದು ತಿಂಗಳು ಅವ್ವಾ ಅಂತ ಕರೆದಿದ್ದೀನಿ ಕಣೇ. ಈಗ ನೀನಲ್ಲ ಅಂತ ಹೂ ಕಿತ್ಕೊಂಡು ಹೋಗೋದಾ?’

ನಿನ್ನೆ ರಾತ್ರಿ ಊಟದ ಹೊತ್ತಿಗೆ ಅವಳು ಮತ್ತೆ ಮಾತಾಡಿದಳು. ಲೂಥರ್‌ನ ಸಾರಾಯಿ ಪೀಪಾಯಿಯನ್ನು ಯಾರು ಕದ್ದರು, ಕದ್ದವನ ಹಸು ಯಾಕೆ ಮೂರು ದಿನ ಸುತ್ತುತ್ತ ನಡೆಯಿತು ಎಂಬ ಕಥೆ. ನೀನು ಎಷ್ಟೋ ಸಲ ಕೇಳಿರುವೆ, ನಾನೂ ಕೇಳಿದ್ದೇನೆ. ಕಾಳಿಗೆ ಉಪ್ಪು ಹೆಚ್ಚಾಗಿತ್ತು. ನಾನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಫೋಟೊದ ಕೆಳಗೆ ಏನು ಬರೆಯಲಿ ಎಂದು ಕೇಳಿದ್ದಕ್ಕೆ ಒಬ್ಬೊಬ್ಬರ ಹೆಸರನ್ನೂ ಹೇಳಿ ಬರೆಸಿದಳು. ಕೊನೆಗೆ, ‘ಆ ಹುಡುಗಿ ಕಣ್ಣು ಕಿರಿದು ಮಾಡ್ಕೊಂಡಿರೋದು ಬಿಸಿಲಿಗೆ ಅಂತಲೂ ಹಾಕು’ ಎಂದಳು. ಹಾಕಿದ್ದೇನೆ. ಯೂಲಾ ಅವರು ಈ ಸಾಲನ್ನು ಹೊಡೆದುಹಾಕುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ.

ಬರ್ಲ್ ಮಾಮ ನಿನ್ನನ್ನು ಕೇಳಿದನೆಂದು ಬರೆಯಲು ಹೇಳಿದ್ದಾನೆ. ನಿನ್ನ ಹಡಗಿನವರಿಗೆಲ್ಲ ನಮ್ಮ ನಮಸ್ಕಾರ, ಅಡುಗೆಯವನಿಗೂ. ಹಗ್ಗದ ಹತ್ತಿರ ಹುಷಾರು. ದೇವರು ನಿನ್ನನ್ನು ನೀರಿನ ಮೇಲೂ ನೆಲದ ಮೇಲೂ ಕಾಯಲಿ.

ನಿನ್ನ ಮಗಳು,
ರೊವೀನಾ

ಮತ್ತೆ: ಅಂಚೆಯವನು ಸೇತುವೆಯ ಹತ್ತಿರ ಹಾರ್ನ್ ಮಾಡುತ್ತಿದ್ದಾನೆ, ಬೇಗ ಬರೆಯುತ್ತೇನೆ. ಕಲ್ಲನ್ನು ಇನ್ನೂ ನಿಲ್ಲಿಸಿಲ್ಲ. ಬರ್ಲ್ ಮಾಮ ಗುದ್ದಲಿ ಎತ್ತಿಕೊಂಡು ಹೊರಟಾಗ ಅಜ್ಜಿ ತಡೆದಳು. ‘ತಪ್ಪು ಜಾಗ ತೋರಿಸಿದ ಕೈಯೇ ಬಂದು ಸರಿ ಜಾಗ ಅಗೀಲಿ’ ಅಂದಳು. ಇದನ್ನು ನಿನಗೆ ಬರೆಯಕೂಡದು ಎಂದೂ ಅಂದಳು. ನಿನ್ನ ಪಾಳಿ ಮುಗಿಯಲು ಇನ್ನೂ ಸಮಯವಿದೆ ಎಂದು ಗೊತ್ತು. ಆದರೆ ನಾನೇ ನಿಮ್ಮ ಕಚೇರಿಗೆ ಫೋನ್ ಮಾಡಿ ಕೇಳಿದೆ (ಹೌದು, ನಾನೇ). ಶನಿವಾರ ಕಲ್ಲಿದ್ದಲು ತುಂಬಿಸಲು ನಿಮ್ಮ ಹಡಗು ಕ್ಯಾಟ್ಲೆಟ್ಸ್‌ಬರ್ಗ್ ದಡಕ್ಕೆ ಬರುತ್ತದಂತೆ, ಸೋಮವಾರದ ತನಕ ಅಲ್ಲೇ ಇರುತ್ತದಂತೆ. ಬರ್ಲ್ ಮಾಮನ ಲಾರಿ ಮಧ್ಯಾಹ್ನದಿಂದ ಅಲ್ಲಿ ನಿಂತಿರುತ್ತದೆ. ಅಪ್ಪಾ, ಬಾ. ಇವತ್ತು ಬೆಳಿಗ್ಗೆ ಅಜ್ಜಿ ಸೇತುವೆಯ ಸಡಿಲವಾಗಿದ್ದ ಹಲಗೆಗೆ ಬರ್ಲ್ ಮಾಮನಿಂದ ಮೊಳೆ ಹೊಡೆಸಿದಳು. ಈಗ ಯಾಕೆ ಅತ್ತೆ ಎಂದು ಅವನು ಕೇಳಿದ್ದಕ್ಕೆ, ಮಂಡಿ ನೋವಿರುವವರು ಯಾರಾದರೂ ದಾಟಿ ಬಂದಾರು ಎಂದಳು.